ಹನ್ನೆರಡು ಮಂದಿಯ ಟ್ಯಾಬ್

ನೊಯ್ಡಾದಲ್ಲಿ ನಮ್ಮ ಟೀಮಿಗೆ ಸೇರುವ ಹೊಸಬರಿಗೆ ನಾನು ಮೊದಲು ಹೇಳುವುದು ಒಂದು ಹಳೆಯ ಕಥೆ. ಬಿಲ್ಡ್ ನಿಂತು ‘ಮಿಸ್ಸಿಂಗ್ ಸೆಪರೇಟರ್’ ಎಂದು ಬಂದಾಗ ಅವರು ತಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ. ಪ್ರೊಬೇಷನ್ನಿನಲ್ಲಿ ಇರುವವರಿಗೆ ಹಾಗೆ ಕಳೆದ ಮಧ್ಯಾಹ್ನ ಸಣ್ಣದಲ್ಲ. ಆದರೆ ಆ ತೊಡಕಿನ ಬೇರು 1976ರ ಅಮೆರಿಕದಲ್ಲಿದೆ.

ಆ ವರ್ಷ ಬೆಲ್ ಲ್ಯಾಬ್ಸಿನ ಸ್ಟೂವರ್ಟ್ ಫೆಲ್ಡ್‌ಮನ್ ‘ಮೇಕ್’ ಬರೆದರು. ನೆಪವಾದದ್ದು ಸಹೋದ್ಯೋಗಿ ಸ್ಟೀವ್ ಜಾನ್ಸನ್ ಅವರ ಸಿಟ್ಟು. ದೋಷ ತಿದ್ದಿದ್ದ ಫೈಲು ಮತ್ತೆ ಕಂಪೈಲ್ ಆಗಿರಲಿಲ್ಲ. ಸರಿಯಿದ್ದ ಪ್ರೋಗ್ರಾಮಿನಲ್ಲಿ ಅವರು ಬೆಳಗೆಲ್ಲ ತಪ್ಪು ಹುಡುಕಿದ್ದರು. ಬದಲಾದ ಫೈಲುಗಳನ್ನು ಗುರುತಿಸಿ, ಬೇಕಾದಷ್ಟನ್ನೇ ಮತ್ತೆ ಕಂಪೈಲ್ ಮಾಡಿಸುವುದು ಮೇಕ್‌ನ ಕೆಲಸ. ಆಜ್ಞೆಯ ಸಾಲು ಟ್ಯಾಬ್‌ನಿಂದ ಶುರುವಾಗಬೇಕು ಎಂಬ ನಿಯಮವನ್ನು ಫೆಲ್ಡ್‌ಮನ್ ಸುಲಭವೆಂದು ಇಟ್ಟುಕೊಂಡರು. ಕೆಲವೇ ವಾರಗಳಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರಾದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆಯಾಗದಿರಲಿ ಎಂದು ನಿಯಮವನ್ನು ಹಾಗೇ ಬಿಟ್ಟೆ ಎಂದು ಮುಂದೆ ಅವರೇ ಹೇಳಿಕೊಂಡರು. ಮೇಕ್‌ಗಾಗಿ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು. 2010ರ ಗ್ನೂ ಮೇಕ್ 3.82ರಿಂದ ಟ್ಯಾಬಿಗೆ ಬದಲು ಬೇರೆ ಅಕ್ಷರ ಆರಿಸಿಕೊಳ್ಳಬಹುದು. ಆದರೂ ತಾನಾಗಿ ಸಿಗುವುದು ಟ್ಯಾಬೇ.

ಆಸ್ಕಿ ಸಂಕೇತದಲ್ಲಿ ಟ್ಯಾಬ್ 9, ಸ್ಪೇಸ್ 32. ಯಂತ್ರಕ್ಕೆ ಅವು ಬೇರೆ ಬೇರೆ, ನಮ್ಮ ಕಣ್ಣಿಗೆ ಎರಡೂ ಬರೀ ಖಾಲಿ ಜಾಗ. ಪೈಥಾನ್ ಬರೆಯುವವರು ಟ್ಯಾಬ್ ಒತ್ತಿದರೆ ನಾಲ್ಕು ಸ್ಪೇಸ್ ಬೀಳುವಂತೆ ಎಡಿಟರನ್ನು ಹೊಂದಿಸಿಕೊಂಡಿರುತ್ತಾರೆ. ಅದೇ ಎಡಿಟರಿನಲ್ಲಿ ಮೇಕ್‌ಫೈಲ್ ತಿದ್ದಿದರೆ ಬಿಲ್ಡ್ ಕೆಡುತ್ತದೆ. ಎಂಟು ಸ್ಪೇಸ್ ಇದ್ದರೆ ‘ಟ್ಯಾಬ್ ಹಾಕಬೇಕಿತ್ತೇ?’ ಎಂದು ಗ್ನೂ ಮೇಕ್ ಕೇಳುತ್ತದೆ. ನಾಲ್ಕಿದ್ದರೆ ಆ ಸುಳಿವೂ ಇಲ್ಲ.

ಕಾಣದ ಅಕ್ಷರದ ಪಾಡು ಕನ್ನಡಕ್ಕೂ ಇದೆ. ದೆಹಲಿಯ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಹೊರತಂದ ಇಸ್ಕಿ ಸಂಕೇತದಲ್ಲಿ, ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯಲು ಹಲಂತವನ್ನು ಎರಡು ಸಲ ಹಾಕಬೇಕಿತ್ತು. ಯೂನಿಕೋಡ್ ಆ ಕೆಲಸವನ್ನು ಅಗಲವೇ ಇಲ್ಲದ, ಕಾಣದ ಅಕ್ಷರವೊಂದಕ್ಕೆ ಒಪ್ಪಿಸಿತು. ಯಾವುದೋ ಸಾಫ್ಟ್‌ವೇರ್ ಅದನ್ನು ಕಸವೆಂದು ಗುಡಿಸಿದರೆ ಉಳಿಯುವುದು ‘ರಾಜ್ಕುಮಾರ್’.

ಆದ್ದರಿಂದ ನಿಮ್ಮ ಎಡಿಟರಿನಲ್ಲಿ ವೈಟ್‌ಸ್ಪೇಸ್ ಕಾಣುವಂತೆ ಮಾಡಿಕೊಳ್ಳಿ. ಮೇಕ್‌ಫೈಲುಗಳಲ್ಲಿ ಟ್ಯಾಬ್ ಟ್ಯಾಬಾಗಿಯೇ ಉಳಿಯಲಿ ಎಂಬ ನಿಯಮವನ್ನು ಪ್ರಾಜೆಕ್ಟಿನ ಎಡಿಟರ್‌ಕಾನ್ಫಿಗ್ ಫೈಲಿನಲ್ಲೇ ಬರೆದಿಡಿ. ಆ ಹನ್ನೆರಡು ಮಂದಿಯ ಅನುಕೂಲಕ್ಕೆ ಉಳಿದ ಟ್ಯಾಬಿಗೆ ಇನ್ನೊಬ್ಬರ ಮಧ್ಯಾಹ್ನ ಬಲಿಯಾಗುವುದು ತಪ್ಪುತ್ತದೆ.