ಗದುಗಿನ ಗಾನಾಶ್ರಮ

ಗದುಗಿಗೆ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವು ಬಂದುದು 2016ರಲ್ಲಿ. ಗಾನವಿದ್ಯೆಯಾದರೋ ಅದಕ್ಕೆ ಬಹು ಮುನ್ನವೇ ಇಲ್ಲಿ ನೆಲೆಗೊಂಡಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತ, ಜನ್ಮಾಂಧರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಬಾಲಕರನ್ನು ಕೂಡಿಕೊಂಡು ಊರೂರು ಸಂಚರಿಸಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. ಗುರುಗಳು ಹಾಡಿದುದನ್ನು ಕೇಳಿ ಶಿಷ್ಯರೆಲ್ಲರೂ ದನಿಗೂಡಿಸುವ ಈ ವಿದ್ಯೆಗೆ ಕಣ್ಣು ಬೇಕಿರಲಿಲ್ಲ. ಬಸವರಾಜ ರಾಜಗುರುಗಳು ಅವರ ಶಿಷ್ಯರೇ. ತರುವಾಯ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯ ಗಳಿಕೆಯಿಂದಲೂ ಭಕ್ತರ ಕಾಣಿಕೆಯಿಂದಲೂ ಆಶ್ರಮವನ್ನು ಸಲಹಿದರು. ಜಾತಿಯನ್ನೆಣಿಸದೆ ಅನ್ನವೂ ಪಾಠವೂ ದೊರೆತವು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಕೈಗಳು ತಬಲಾ, ಹಾರ್ಮೋನಿಯಂ ನುಡಿಸಿ ಸ್ವಂತ ಅನ್ನವನ್ನು ದುಡಿದವು. ಆಹಾರದಾನ, ಶಾಸ್ತ್ರದಾನಗಳ ಮಹಿಮೆಯನ್ನರಿತ ಶ್ರಾವಕರಿಗೆ ಈ ಚರಿತ್ರೆಯು ಸದಾ ಸ್ಮರಣೀಯ.