ನೊರೆಯಿಂದ ನೀರಿನ ಪರೀಕ್ಷೆ

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಗಡಸು ನೀರಿನ ಕೊಳವೆಬಾವಿಗಳು ಹಲವು. ಆ ನೀರಿನಲ್ಲಿ ಕ್ಷೌರದ ಸಾಬೂನು ಸುಲಭವಾಗಿ ನೊರೆ ಕೊಡದು. ಏಕೆ ಗೊತ್ತೇ?

ಕೊಬ್ಬಿಗೆ ಕ್ಷಾರ ಸೇರಿದಾಗ ಉಂಟಾಗುವ ಮೇದಾಮ್ಲಗಳ ಲವಣವೇ ಸಾಬೂನು ಎಂಬುದನ್ನು ಫ್ರಾನ್ಸಿನ ಶೆವ್ರಲ್ 1823ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸ್ನಾನದ ಸಾಬೂನಿನಲ್ಲಿ ಹೆಚ್ಚಾಗಿ ಸೋಡಿಯಂ ಲವಣಗಳಿರುತ್ತವೆ. ಸಾಂಪ್ರದಾಯಿಕ ಕ್ಷೌರದ ಸಾಬೂನಿಗೆ ಪೊಟ್ಯಾಸಿಯಂ ಸ್ಟಿಯರೇಟೂ ಬೇಕು. ಪೊಟ್ಯಾಸಿಯಂನಿಂದ ಅದು ಬೇಗ ಕರಗುತ್ತದೆ. ಸ್ಟಿಯರೇಟಿನಿಂದ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಳ್ಳುವಾಗ ಹೊದಿಕೆಯ ಮೇಲೆ ಇದನ್ನು ಹುಡುಕಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕರಗದ ಗಸಿಯಾಗುತ್ತವೆ. ಅವು ಮುಗಿದ ಮೇಲೆಯೇ ನೊರೆ.

ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರ ಸುಮಾರಿಗೆ ಈ ತೊಡಕನ್ನೇ ಅಳತೆಗೋಲಾಗಿಸಿದರು. ನಿಲ್ಲುವ ನೊರೆಗೆ ಎಷ್ಟು ಸಾಬೂನು ದ್ರಾವಣ ಬೇಕೋ ಅದೇ ಗಡಸುತನದ ಅಳತೆ.

ಕೊಳವೆಬಾವಿ, ನದಿ, ಮಳೆ ನೀರನ್ನು ನೀವೂ ಹೀಗೆ ಹೋಲಿಸಿ. ಕುದಿಸಿ, ಆರಿಸಿ, ಸೋಸಿದರೆ ತಾತ್ಕಾಲಿಕ ಗಡಸುತನ ಹೋಗಿ ನೊರೆ ಹೆಚ್ಚುತ್ತದೆ. ಆದರೆ ನೊರೆ ಬಂದ ನೀರೆಲ್ಲ ಕುಡಿಯಲು ಯೋಗ್ಯವೆಂದು ತಿಳಿಯಬೇಡಿ. ಈ ಜಿಲ್ಲೆಯ ಹಲವು ಗ್ರಾಮಗಳನ್ನು ಕಾಡುವ ಫ್ಲೋರೈಡ್ ಸಾಬೂನಿಗೆ ಕಾಣದು. ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿಯೇ ಅದು ಹೆಚ್ಚು ಕರಗಿರಬಲ್ಲದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.