ಪಿಂಚಣಿ ಮತ್ತು ಕಲ್ಯಾಣ ವೆಚ್ಚದ ಹಂಚಿಕೆ (ಭಾರತ): ಸಿರುಮುಗೈ ನೇಕಾರರ ನಿದರ್ಶನ

ಭಾರತದಲ್ಲಿ ಮುಪ್ಪಿನ ಕಾಲಕ್ಕೆಂದು ಕೇಂದ್ರ ಸರ್ಕಾರ ತೆಗೆದಿಡುವ ಹಣ ಮೂರು ದಾರಿಗಳಲ್ಲಿ ಹರಿಯುತ್ತದೆ. ಸರ್ಕಾರಿ ನೌಕರರ ಮತ್ತು ಸೈನಿಕರ ಪಿಂಚಣಿ ಮೊದಲನೆಯದು. ಕಾರ್ಖಾನೆ, ಗಿರಣಿ, ಕಂಪನಿಗಳ ಕಾರ್ಮಿಕರ ಭವಿಷ್ಯ ನಿಧಿಗೆ ಹೊಂದಿಕೊಂಡ ಪಿಂಚಣಿ ಎರಡನೆಯದು. ಈ ಎರಡರ ಆಚೆ ಉಳಿದ ಬಡವರಿಗೆ ಸಿಗುವ ಮಾಸಾಶನ ಮೂರನೆಯದು. ಒಬ್ಬ ಮುದುಕ ಯಾವ ದಾರಿಗೆ ಸೇರಬೇಕೆಂಬುದನ್ನು ಅವನ ವಯಸ್ಸೂ ನಿರ್ಧರಿಸುವುದಿಲ್ಲ, ಹಸಿವೂ ನಿರ್ಧರಿಸುವುದಿಲ್ಲ. ಅವನು ದುಡಿದದ್ದು ಕಚೇರಿಯಲ್ಲೋ, ಗಿರಣಿಯಲ್ಲೋ, ಮನೆಯ ಮಗ್ಗದಲ್ಲೋ ಎಂಬುದೇ ಇಲ್ಲಿ ಮುಖ್ಯ.

ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ಈ ಹಂಚಿಕೆಯನ್ನು ಸ್ಪಷ್ಟವಾಗಿ ಕಾಣಬಹುದು. ಮೇಟ್ಟುಪಾಳಯಂ ತಾಲ್ಲೂಕಿನಲ್ಲಿ ಭವಾನಿ ನದಿಯ ದಡದಲ್ಲಿರುವ ಈ ಪಟ್ಟಣ ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾಗಿದೆ. ಇಲ್ಲಿನ ದೇವಾಂಗ ನೇಕಾರರ ಮನೆಮಾತು ಕನ್ನಡ, ಕುಲದೇವತೆ ಚೌಡೇಶ್ವರಿ. ಪಟ್ಟಣದ ಪಕ್ಕದಲ್ಲೇ ಮರದ ತಿರುಳಿನಿಂದ ಕೃತಕ ರೇಷ್ಮೆ ಎಳೆ ತೆಗೆಯುವ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ ದಶಕಗಳ ಕಾಲ ನಡೆಯಿತು. ಹೀಗೆ ಒಂದೇ ಊರಿನಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೂ, ಮನೆಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತವರೂ ಒಟ್ಟಿಗೇ ಮುಪ್ಪಿಗೆ ಬಂದರು.

ಸಂವಿಧಾನ ಈ ಭೇದವನ್ನು ಬಯಸಿರಲಿಲ್ಲ. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯ ಬಂದಾಗ ರಾಜ್ಯವು ತನ್ನ ಶಕ್ತಿಯ ಮಿತಿಯಲ್ಲಿ ಸಹಾಯ ಒದಗಿಸಬೇಕೆಂದು 41ನೆಯ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ತ್ವ. ಅದನ್ನು ಹಿಡಿದು ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. ಏಳನೆಯ ಅನುಸೂಚಿಯಲ್ಲಿ ಸಾಮಾಜಿಕ ಭದ್ರತೆ ಮತ್ತು ಕಾರ್ಮಿಕ ಕಲ್ಯಾಣ ಸಮವರ್ತಿ ಪಟ್ಟಿಯಲ್ಲಿವೆ, ಅಂಗವಿಕಲರ ಮತ್ತು ದುಡಿಯಲಾಗದವರ ಪರಿಹಾರ ರಾಜ್ಯ ಪಟ್ಟಿಯಲ್ಲಿದೆ. ಈ ಕಾರಣದಿಂದ ಬಡವರ ಮಾಸಾಶನದ ಹೊಣೆ ಮೊದಲು ರಾಜ್ಯಗಳ ಹೆಗಲೇರಿತು, ಕೇಂದ್ರ ತಡವಾಗಿ ಕೈಜೋಡಿಸಿತು.

ಕಾರ್ಮಿಕರ ವಿಷಯದಲ್ಲಿ ಮಾತ್ರ ಕೇಂದ್ರವೇ ಮುಂದಾಯಿತು. 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ನಂತರ 1952ರಲ್ಲಿ ಭವಿಷ್ಯ ನಿಧಿ ಕಾಯಿದೆ ಬಂತು. ಅದು ಮೊದಲು ಅನ್ವಯಿಸಿದ ಆರು ಉದ್ಯಮಗಳಲ್ಲಿ ಜವಳಿಯೂ ಒಂದು, ಆದರೆ 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಘಟಕಗಳಿಗೆ ಮಾತ್ರ. ಕೊಯಮತ್ತೂರಿನ ಗಿರಣಿಯಲ್ಲಿ ನೂಲು ತೆಗೆದವನು ಕಾಯಿದೆಯ ಒಳಗೆ ಬಂದ. ಅಂಥ ನೂಲನ್ನು ತಂದು ಮನೆಯ ಮಗ್ಗಕ್ಕೆ ಹಾಸು ಹೂಡಿದವನು ಹೊರಗುಳಿದ. ಆಮೇಲೆ ಈ ಮಿತಿ 20 ಜನಕ್ಕೆ ಇಳಿದರೂ, ಗಂಡ ನೇಯ್ದು, ಹೆಂಡತಿ ಲಾಳಿಗೆ ನೂಲು ಸುತ್ತಿಕೊಡುವ ಮನೆಗೆ ಅದರಿಂದ ಏನೂ ಬದಲಾಗಲಿಲ್ಲ.

ಬಡ ವೃದ್ಧರಿಗೆ ಮಾಸಾಶನ ಕೊಡುವ ಕೆಲಸವನ್ನು 1957ರಲ್ಲಿ ಉತ್ತರ ಪ್ರದೇಶ ಆರಂಭಿಸಿತು. ಆಗಿನ ಮದರಾಸು ರಾಜ್ಯದಲ್ಲಿ 1962ರಲ್ಲಿ ತಿಂಗಳಿಗೆ 20 ರೂಪಾಯಿಯ ವೃದ್ಧಾಪ್ಯ ವೇತನ ಜಾರಿಗೆ ಬಂತು. ನಿರ್ಗತಿಕರು, ನೋಡಿಕೊಳ್ಳುವ ಮಕ್ಕಳಿಲ್ಲದವರು ಎಂದು ಸಾಬೀತುಪಡಿಸಿದವರಿಗಷ್ಟೇ ಅದು ಸಿಗುತ್ತಿತ್ತು. ತಮಿಳುನಾಡಿನಲ್ಲಿ ಜನ ಇಂದಿಗೂ ಇದನ್ನು ‘ಓಎಪಿ’ (ಓಲ್ಡ್ ಏಜ್ ಪೆನ್ಷನ್) ಎಂದೇ ಕರೆಯುತ್ತಾರೆ. ಅರ್ಜಿ ಗ್ರಾಮ ಆಡಳಿತ ಅಧಿಕಾರಿಯ ವಿಚಾರಣೆ ದಾಟಿ, ತಾಲ್ಲೂಕಿನಲ್ಲಿ ಈ ಕೆಲಸಕ್ಕೆಂದೇ ಇರುವ ವಿಶೇಷ ತಹಸೀಲ್ದಾರರ ಬಳಿಗೆ ಹೋಗುತ್ತದೆ. ಬಹುಕಾಲ ಅಂಚೆಯವನು ಮನಿಯಾರ್ಡರಿನಲ್ಲಿ ಮನೆಬಾಗಿಲಿಗೆ ತರುತ್ತಿದ್ದ ಹಣ ಈಗ ಬ್ಯಾಂಕ್ ಖಾತೆಗೆ ಸೇರುತ್ತದೆ.

1995 ಈ ಇತಿಹಾಸದಲ್ಲಿ ದೊಡ್ಡ ತಿರುವು. ಆ ವರ್ಷ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿ, 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು. ಮೂರು ತಿಂಗಳಲ್ಲಿ, ನವೆಂಬರ್ 16ರಂದು, ಕಾರ್ಮಿಕರ ಪಿಂಚಣಿ ಯೋಜನೆ ಜಾರಿಯಾಯಿತು. ಮಾಲೀಕನ ವಂತಿಗೆಯಿಂದ ಸಂಬಳದ ಶೇಕಡ 8.33, ಕೇಂದ್ರದಿಂದ ಶೇಕಡ 1.16 ಸೇರಿ ಅದರ ನಿಧಿಯಾಗುತ್ತದೆ. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಸಿಗುವುದೇ ತಿಂಗಳ ಪಿಂಚಣಿ: 3,500 ರೂಪಾಯಿ ಸಂಬಳ, ಲೆಕ್ಕಕ್ಕೆ ಬರುವ 20 ವರ್ಷದ ಸೇವೆಗೆ 1,000 ರೂಪಾಯಿ. ಈ ಲೆಕ್ಕ 1995ರ ಬಳಿಕದ ಸೇವೆಗೆ ಮಾತ್ರ. ಹಿಂದಿನ ವರ್ಷಗಳಿಗೆ ಸಣ್ಣದೊಂದು ನಿಗದಿತ ಮೊತ್ತ. ಸಿರುಮುಗೈಯ ವಿಸ್ಕೋಸ್ ಕಾರ್ಖಾನೆ ಭವಾನಿಯ ಮಾಲಿನ್ಯದ ವಿವಾದದ ನಡುವೆ, ಶತಮಾನ ಹೊರಳುವ ಹೊತ್ತಿಗೆ ಮುಚ್ಚಿತು. ಬೇರೆ ಕೆಲಸ ಸಿಗದ ಕಾರ್ಮಿಕರ ಪಾಲಿಗೆ ಸೂತ್ರಕ್ಕೆ ಸೇರಿದ ವರ್ಷಗಳು ಬೆರಳೆಣಿಕೆಯವು. ದುಡಿದ ಆಯುಷ್ಯದ ಬಹುಭಾಗ ನಿಗದಿತ ಮೊತ್ತದಲ್ಲೇ ಮುಗಿದುಹೋಯಿತು. 2014ರ ಸೆಪ್ಟೆಂಬರಿನಿಂದ ಈ ಪಿಂಚಣಿ 1,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಕೇಂದ್ರ ಗೊತ್ತುಮಾಡಿತು.

ಬಡವರ ಮಾಸಾಶನದಲ್ಲಿ ಕೇಂದ್ರದ ಪಾಲು 2006–07ರಲ್ಲಿ 200 ರೂಪಾಯಿಗೆ ಏರಿತು. 2007ರ ನವೆಂಬರಿನಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬಂತು. ನಿರ್ಗತಿಕತೆಯ ಬದಲು ಬಡತನ ರೇಖೆ ಅರ್ಹತೆಯ ಅಳತೆಯಾಯಿತು. 2009ರಲ್ಲಿ ವಿಧವೆಯರಿಗೂ ಅಂಗವಿಕಲರಿಗೂ ಪಿಂಚಣಿ ಸೇರಿತು. 2011ರಲ್ಲಿ ವಯಸ್ಸು 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ರೂಪಾಯಿ ಎಂದಾಯಿತು. 60ರಿಂದ 79ರವರೆಗಿನವರ 200 ಮಾತ್ರ ಅಲ್ಲೇ ನಿಂತುಬಿಟ್ಟಿದೆ.

ಹಂಚಿಕೆಯ ಬಿಗಿ ಇರುವುದು ಮೊತ್ತದಲ್ಲಿ ಮಾತ್ರವಲ್ಲ, ತಲೆ ಎಣಿಕೆಯಲ್ಲೂ ಇದೆ. ಒಂದೊಂದು ರಾಜ್ಯದಲ್ಲಿ ಇಂತಿಷ್ಟೇ ಜನರಿಗೆ ಎಂದು ಕೇಂದ್ರ ಮಿತಿ ಹಾಕಿದೆ. ಆ ಮಿತಿಗೆ ಆಧಾರ 2001ರ ಜನಗಣತಿ ಮತ್ತು 2004–05ರ ಬಡತನದ ಪ್ರಮಾಣ. ದೇಶದಲ್ಲಿ ಎಲ್ಲ ಬಗೆಯ ನೆರವು ಸೇರಿ ಸುಮಾರು 3.09 ಕೋಟಿ ಜನ, ಅವರಲ್ಲಿ ವೃದ್ಧರು ಸುಮಾರು 2.21 ಕೋಟಿ. ಬಳಿಕ ಬಡವರಾದವರು, ಬಳಿಕ ಮುದುಕರಾದವರು ಕೇಂದ್ರದ ಲೆಕ್ಕದಲ್ಲಿ ಹೊಸ ಜಾಗ ಕಾಣಲಿಲ್ಲ.

2024–25ರ ಬಜೆಟ್ ಅಂದಾಜಿನಲ್ಲಿ ಕೇಂದ್ರದ ಒಟ್ಟು ವೆಚ್ಚ ಸುಮಾರು 48.2 ಲಕ್ಷ ಕೋಟಿ ರೂಪಾಯಿ. ಕೇಂದ್ರ ಸರ್ಕಾರದ ನಿವೃತ್ತರ ಪಿಂಚಣಿಗೆ ಸುಮಾರು 2.43 ಲಕ್ಷ ಕೋಟಿ ತೆಗೆದಿಡಲಾಯಿತು. ಅದರಲ್ಲಿ ರಕ್ಷಣಾ ಪಿಂಚಣಿಯೇ ಸುಮಾರು 1.41 ಲಕ್ಷ ಕೋಟಿ. ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಸಿಕ್ಕಿದ್ದು 9,652 ಕೋಟಿ. 2022–23ರಲ್ಲಿ ಇದ್ದದ್ದೂ ಇಷ್ಟೇ. ಆಹಾರ ಸಬ್ಸಿಡಿಗೆ 2 ಲಕ್ಷ ಕೋಟಿಗೂ ಮೀರಿ ಕೊಡುವುದರಿಂದ ಬಡವನ ಪಾಲನ್ನು ಪಡಿತರದೊಂದಿಗೆ ಸೇರಿಸಿಯೇ ನೋಡಬೇಕೆಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಅಕ್ಕಿ ಔಷಧದಂಗಡಿಯಲ್ಲಿ ನಡೆಯುವುದಿಲ್ಲ. ಎರಡು ಪಿಂಚಣಿಗಳ ನಡುವಿನ ನಿಜವಾದ ಅಂತರ ಬೆಲೆಯೇರಿಕೆಯ ವಿಷಯದಲ್ಲಿದೆ: ನಿವೃತ್ತ ನೌಕರನ ತುಟ್ಟಿ ಪರಿಹಾರ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುತ್ತದೆ, 200 ರೂಪಾಯಿಗೆ ಅಂಥ ಯಾವ ಏರ್ಪಾಡೂ ಇಲ್ಲ.

ನ್ಯಾಯಾಲಯಗಳ ಹಾದಿಯೂ ಎರಡಾಗಿ ಸಾಗಿತು. ಪಿಂಚಣಿ ಔದಾರ್ಯದ ಕೊಡುಗೆಯಲ್ಲ, ಹಕ್ಕು ಎಂದು 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರ್ಕಾರಿ ನಿವೃತ್ತರ ವಿಷಯದಲ್ಲಿ. ಬಡವರ ಮಾಸಾಶನದ ಬಗ್ಗೆ 2001ರ ನವೆಂಬರ್ 28ರ ಆದೇಶ, ಆಹಾರದ ಹಕ್ಕಿನ ಪ್ರಕರಣದ ಭಾಗವಾಗಿ, ಪ್ರತಿ ತಿಂಗಳ 7ನೆಯ ತಾರೀಖಿನೊಳಗೆ ಹಣ ತಲುಪಿಸಬೇಕೆಂದಿತು.

ಕೇಂದ್ರ ಬಿಟ್ಟ ಜಾಗವನ್ನು ತುಂಬಿದ್ದು ರಾಜ್ಯಗಳು. ತಮಿಳುನಾಡು 2011ರಲ್ಲಿ ಮಾಸಾಶನವನ್ನು 500ರಿಂದ 1,000ಕ್ಕೆ, 2023ರ ಆಗಸ್ಟಿನಲ್ಲಿ 1,200ಕ್ಕೆ ಏರಿಸಿತು. ಕೇಂದ್ರದ ಪಟ್ಟಿಯಲ್ಲಿರುವ 70 ವರ್ಷದವರ 1,200ರಲ್ಲಿ ರಾಜ್ಯದ ಪಾಲು 1,000. ಸಹಕಾರ ಸಂಘದ ಸದಸ್ಯರಾದ ಕೈಮಗ್ಗ ನೇಕಾರರಿಗೆ ಅಲ್ಲಿ ಬೇರೆಯದೇ ಏರ್ಪಾಡಿದೆ. 1975ರಲ್ಲಿ ಶುರುವಾದ ಉಳಿತಾಯ ಮತ್ತು ಭದ್ರತಾ ಯೋಜನೆಯಲ್ಲಿ ಕೂಲಿಯ ಒಂದಂಶವನ್ನು ನೇಕಾರ ಕಟ್ಟಿದರೆ ಸರ್ಕಾರ ತನ್ನ ಪಾಲು ಸೇರಿಸುತ್ತದೆ. ವೃದ್ಧ ನೇಕಾರರ ಪಿಂಚಣಿ ಮತ್ತು ಕುಟುಂಬ ಪಿಂಚಣಿಯೂ ಉಂಟು. ಇವು ಸಂಘದ ಪುಸ್ತಕದಲ್ಲಿ ಹೆಸರಿದ್ದವರ ಪಾಲು. ಖಾಸಗಿ ವರ್ತಕರಿಗೆ ಕೂಲಿಗೆ ನೇಯುವವರಿಗೆ ಓಎಪಿಯೇ ಗತಿ. ಪಿಂಚಣಿಯ ಹೊರಗೆ, ಕೈಮಗ್ಗ ನಡೆಯುವ ಮನೆಗೆ ಎರಡು ತಿಂಗಳಿಗೆ 300 ಯೂನಿಟ್ ವಿದ್ಯುತ್ ಉಚಿತ.

ಕರ್ನಾಟಕ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ ಸಣ್ಣ ರೈತರು, ಕೃಷಿ ಕಾರ್ಮಿಕರು, ಮೀನುಗಾರರ ಜೊತೆಗೆ ನೇಕಾರರನ್ನೂ ಹೆಸರಿಸಿಯೇ ಸೇರಿಸಿಕೊಂಡಿತು. 2021ರಲ್ಲಿ ಅದರ ಮೊತ್ತ 1,200 ರೂಪಾಯಿಗೆ ಏರಿತು.

ವಂತಿಗೆಯ ಮೇಲೆ ನಿಂತ ಹೊಸ ಯೋಜನೆಗಳನ್ನೂ ಕೇಂದ್ರ ತಂದಿದೆ. 2004ರ ಜನವರಿಯಿಂದ ಕೆಲಸಕ್ಕೆ ಸೇರಿದ ಕೇಂದ್ರ ಸರ್ಕಾರಿ ನೌಕರರಿಗೆ, ಸೈನಿಕರ ಹೊರತು, ಹೊಸ ಪಿಂಚಣಿ ಪದ್ಧತಿ ಬಂತು. 2025ರ ಏಪ್ರಿಲಿನಿಂದ ಖಚಿತ ಪಿಂಚಣಿಯ ಆಯ್ಕೆ ಮರಳಿ ಸಿಕ್ಕಿತು. ಅಸಂಘಟಿತ ಕಾರ್ಮಿಕರಿಗೆ 2015ರಲ್ಲಿ ಅಟಲ್ ಪಿಂಚಣಿ, 2019ರಲ್ಲಿ ಶ್ರಮಯೋಗಿ ಮಾನಧನ ಯೋಜನೆ ಬಂದವು. ಎರಡಕ್ಕೂ ಸೇರಲು ವಯಸ್ಸು 18ರಿಂದ 40. ಮಗ್ಗದಲ್ಲಿ ಈಗಾಗಲೇ ಆಯುಷ್ಯ ಸವೆಸಿದ ನೇಕಾರ ಅಲ್ಲಿಗೆ ಸೇರಲಾರ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಲ್ಲೇ ದುಡಿಯುವವರಿಗೂ ಒಂದು ವ್ಯಾಖ್ಯೆ ಇದೆ. ಅವರ ವೃದ್ಧಾಪ್ಯದ ರಕ್ಷಣೆಗೆ ಯೋಜನೆ ರೂಪಿಸುವ ಕೆಲಸವನ್ನು ಸಂಹಿತೆ ಸರ್ಕಾರಕ್ಕೆ ವಹಿಸಿದೆ. ತಿಂಗಳಿಗೆ ಎಷ್ಟು ಎಂಬ ಮೊತ್ತವನ್ನು ಅದು ನಮೂದಿಸಿಲ್ಲ.